ತಾಂಬಾದ ಹದಿನಾಲ್ಕು ಮಿಲಿಮೀಟರ್

ಮೇ 12, ಮುಂಜಾನೆ 8:50

ಸೊನ್ನೆ. ಮಳಿ ಅಳಿಯೋ ಡಬ್ಬಿ ಲಾಳಿಕ್ಯಾಗ ಎರಡು ಬೇವಿನ ಎಲಿ, ಒಂದು ಕಾಗಿ ಪುಚ್ಚ. ತಗದು ಒರಸಿದೆ. ಗ್ಲಾಸು ಒಣ ಒಣ. ಬುಕ್ಕಿನ್ಯಾಗ 0.0 ಬರದು ಸಹಿ ಹಾಕಿ, 8:45ಕ್ಕ ಟೀವ್ಯಾಗ ಹವಾಮಾನ ಓದೋ ಸಾಹೇಬ್ರಿಗೆ ಫೋನ್. ಇಪ್ಪತ್ತೆರಡು ವರ್ಷದ್ದು ಇದ ಹಾಡು.

"ಹೇಳವಾ ರೇಣುಕಾ."

"ತಾಂಬಾ ಸೊನ್ನೆ ರೀ."

"ನಿಮ್ಮತ್ತಿ ಮಣಕಾಲು ಹ್ಯಾಂಗೈತಿ?"

"ಮಣಕಾಲು ಹಂಗ ಐತ್ರಿ. ಬಾಯಿ ಮಾತ್ರ ಜೋರೈತಿ."

ನಕ್ಕರು. ಇಡ್ತಾರ ಅಂದ್ಕೊಂಡೆ, ಇಡಲಿಲ್ಲ. "ಈ ತಿಂಗಳ ಕಡೀಗೆ ಮುಗಸ್ತೇನವಾ. ಅರವತ್ತಾರಾತು. ಕ್ಯಾಮೆರಾ ಲೈಟಿಗೆ ಕಣ್ಣಾಗ ನೀರು ಬರ್ತಾವ. ಜೂನ್ ಒಂದರಿಂದ ಮುಬಿನ ಅಂತ ಹೊಸ ಹುಡುಗಿ ಓದ್ತಾಳ."

"ಆತ್ರಿ" ಅಂದೆ. ಇಪ್ಪತ್ತೆರಡು ವರ್ಷಕ್ಕ ಒಂದು "ಆತ್ರಿ". ನನ್ನ ಬುದ್ಧಿಗೆ ಏನ ಹೇಳೋದು.

ಸಂಜಿ 7:40

ಅತ್ತಿಗೆ ಹೇಳೀನಿ. ಟೀವಿ ಮುಂದ ಕಾಲು ಚಾಚಿ ಕುಂತಿದ್ರು. 7:25ಕ್ಕ ಕೇಬಲ್ ಚಾನೆಲ್‌ನ್ಯಾಗ ಹವಾಮಾನ. ಸಾಹೇಬ್ರು ಬಂದ್ರು, ಅದ ಕಂದು ಕೋಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ಇಪ್ಪತ್ತೇಳು ವರ್ಷ ಅದ ವರಸಿ. ಕಡೀಗೆ ಅದ ಮಾತು: "ಮೊದಲ ನಿಮ್ಮ ತಲಿ ಮ್ಯಾಲಿನ ಮುಗಿಲು ನೋಡ್ರಿ, ಆಮ್ಯಾಲ ನನ್ನ ಮಾತು ಕೇಳ್ರಿ."

"ಆತ್ರಿ ಸಾಹೇಬ್ರ" ಅಂತ ಅತ್ತಿ ಟೀವಿಗೇ ಜವಾಬು ಕೊಟ್ರು. ದಿನಾ ಕೊಡ್ತಾರ. ಎಂಬತ್ತೆರಡು ವಯಸ್ಸು. ಮನಿಯಾಗ ನನಗ ಒಂದು ದಿನಾ "ಆತವಾ" ಅಂದಿಲ್ಲ ಈ ಕಸ್ತೂರೆವ್ವ.

"ಇನ್ನ ಮ್ಯಾಲ ಮಳಿ ಯಾರು ಹೇಳ್ತಾರ?" ಅಂದ್ರು.

"ಫೋನಿನ್ಯಾಗ ತೋರಸ್ತದಲ್ರಿ."

"ಫೋನು ತಾಂಬಾ ಅಂತ ಬಾಯಿ ತುಂಬ ಅಂತೈತೇನ?"

ರೊಟ್ಟಿ ಸುಟ್ಟು ವಾಸನಿ ಬಂತು, ಓಡಿ ಹ್ವಾದೆ.

ಮೇ 16

0.0.

ಇಂಡಿಯಿಂದ ಚನ್ನಬಸಯ್ಯ ಮಾಸ್ತರ ಫೋನ್ ಬಂದಿತ್ತು. ಸಾಲಿ ಬಿಟ್ಟು ಹತ್ತು ವರ್ಷಾತು, ದನಿ ಇನ್ನೂ ಕರಿಹಲಗಿ ಮುಂದ ನಿಂತಂಗ. ಸಾಹೇಬ್ರ ಸನ್ಮಾನ ಸಮಿತಿಗೆ ಅವರೇ ಅಧ್ಯಕ್ಷರಂತ. ಜೂನ್ ಒಂದು, ರವಿವಾರ, ಹನ್ನೊಂದಕ್ಕ. ಪೇಟಾ, ಶಾಲು, ಹಣ್ಣಿನ ಬುಟ್ಟಿ, ಮಾನಪತ್ರ — ಎಲ್ಲಾ ಐತಿ. ನಾಲ್ಕು ತಾಲೂಕಿನ ಎಂಟೂ ಮಂದಿ ಮಳಿ ಓದವ್ರು ವೇದಿಕಿ ಮ್ಯಾಲ. "ಮಾತು ಮಾತ್ರ ನೀನ ಆಡಬೇಕವಾ. ಎರಡು ನಿಮಿಷ. ಸಾಹೇಬ್ರ ನಿನ್ನ ಹೆಸರು ಹೇಳ್ಯಾರ."

ಮಾನಪತ್ರಾನೂ ಓದಿ ತೋರಸಿದ್ರು. ಇಂಡಿಯ ಮುರ್ತುಜಾಸಾಬರು ಏರ್‌ಫೋರ್ಸಿನ್ಯಾಗ ಇಪ್ಪತ್ತು ವರ್ಷ ವಿಮಾನಕ್ಕ ಹವಾಮಾನ ಹೇಳಿದವರು, ಆಮ್ಯಾಲ ತಮ್ಮ ನೆಲಕ್ಕ ಬಂದು ರೈತರಿಗೆ ಹೇಳಿದವರು... ಛಲೋ ಬರದಾರ. ಆಮ್ಯಾಲ ಮಾಸ್ತರು ತಾವೇ ನಕ್ಕೋತ, "ನಡುವ ಹದಿನಾಲ್ಕರ ಸಾಹೇಬ್ರ ಚಾಷ್ಟಿ ಒಂದು ಹಾಕ್ತೇನಿ. ಮಂದಿ ಖುಷಿ ಆಗ್ತಾರ" ಅಂದ್ರು.

ಹದಿನಾಲ್ಕರ ಸಾಹೇಬ್ರು. ಹದಿಮೂರು ವರ್ಷದಿಂದ ಚಾದಂಗಡ್ಯಾಗ ಅವರಿಗೆ ಇದ ಹೆಸರು. ಮುಗಿಲಾಗ ಮೋಡ ಇಲ್ದ ತಾಂಬಾದಾಗ ಹದಿನಾಲ್ಕು ಮಿಲಿಮೀಟರ್ ಮಳಿ ಸುರಿಸಿದವರು ಅಂತ.

"ಬರ್ತೇನ್ರಿ" ಅಂದು ಫೋನ್ ಇಟ್ಟೆ.

ಮೇ 17

ಬರದು ಬಿಡ್ತೇನಿ. ಯಾರು ಓದಬೇಕೈತಿ. ಹಳೀ ಮಳಿ ಬುಕ್ಕಿನ ಹಿಂದಿನ ಹಾಳಿ ಇವು, ಇಲಿ ಬಿಟ್ರ ಯಾರೂ ಮುಟ್ಟಂಗಿಲ್ಲ.

ಆ ವರ್ಷ ಮೇ ಹ್ವಾತು, ಜೂನ್ ಬಂತು, ಒಂದು ಹನಿ ಇಲ್ಲ. ಊರಾಗ ಹೆಣ್ಣಮಕ್ಕಳು ಗುರ್ಚಿ ಹೊತ್ರು. ಹಂಚಿನ ಮ್ಯಾಲ ಸಗಣಿ ಗೊಂಬಿ, ಅದಕ್ಕ ಗರಿಕಿ, ತಲಿ ಮ್ಯಾಲ ಹೊತ್ಕೊಂಡು ಮನಿ ಮನಿ. ಮನ್ಯಾವ್ರು ತಂಬಗಿ ನೀರು ಸುರುವೋದು, ಮಳಿ ಬರ್ಲಿ ಅನ್ನೋದು. ನಾ ಊರಾಗ ಇರಲಿಲ್ಲ. ಹಿಂದಿನ ದಿನ ಡಬ್ಬಿ ನೋಡಿ ಸಾಲೋಟಗಿಗೆ ತವರಿಗೆ ಹೋಗಿದ್ದೆ. ಜೂನ್ ಒಂಬತ್ತಕ್ಕ ಮುಂಜಾನೆ ಬಸ್ಸಿಗೆ ಬಂದೆ. ಬಸ್ಸು ತಡ. ಸಾಲಿ ಹಿಂದಿನ ಕಂಪೌಂಡಿಗೆ ಓಡಿ ಹೋಗೂದ್ರಾಗ 8:40. ಡಬ್ಬಿ ತಗದೆ. ಒಳಗ ನೀರು. ಗ್ಲಾಸಿಗೆ ಹಾಕಿದೆ — 14.2. ಏನ ಖುಷಿ ಆತು ನನಗ. ಬರದೆ, ಸಹಿ ಹಾಕಿದೆ, ಫೋನ್ ಮಾಡಿದೆ.

ನೆಲ ನೋಡಲಿಲ್ಲ. ಕಾಲಾಗಿನ ನೆಲ. ಮಣ್ಣು ಹಾರಾಕತ್ತಿತ್ತು, ಚಪ್ಪಲಿ ತುಂಬ ಧೂಳಿ ಇತ್ತು. ನೋಡಲಿಲ್ಲ.

ಸಂಜಿಗೆ ಸಾಹೇಬ್ರು ಟೀವ್ಯಾಗ, "ತಾಂಬಾ ಹದಿನಾಲ್ಕು ಮಿಲಿಮೀಟರ್. ಹಳ್ಳದಾಗ ನೀರು ನಿಂತಿರತಾವ" ಅಂದ್ರು. ಅದು ಮುಗದ ಮ್ಯಾಲ ಅತ್ತಿ ಎಲಿಅಡಿಕಿ ಹಾಕ್ಕೋತ ಅಂದ್ರು: "ನಿನ್ನೆ ಗುರ್ಚಿ ಹೊತ್ತು ಸಾಲಿ ಮುಂದ ಬಂದಾಗ ನಾ ಸರಕಾರದ ಡಬ್ಬಿಗೂ ಒಂದು ತಂಬಗಿ ಸುರುವಿದೆ ನೋಡು. ಸರಕಾರಕ್ಕೂ ಗುರ್ಚಿ ಬೇಕಲ್ಲ."

ನಾ ಅಳದದ್ದು ಆ ತಂಬಗಿ ನೀರು.

ಆವತ್ತ ಹೇಳಬೇಕಿತ್ತು. ಹೇಳಲಿಲ್ಲ. ಈ ಕೆಲಸ ಮಾವನವರದು, ಅವರ ಕಾಲಾಗ ಒಂದೂ ತಪ್ಪಿಲ್ಲ. ಅವರು ಹ್ವಾದ ಮ್ಯಾಲ ನನ್ನ ಕೈಗೆ ಬಂದದ್ದು. ತಗದು ಬಿಡ್ತಾರ ಅನ್ನೋ ಅಂಜಿಕಿ. ಮರುದಿನ ಸಾಹೇಬ್ರು ಕೇಳಿದ್ರು, "ಗ್ಲಾಸು ಸರಿ ನೋಡಿದೀನವಾ?" ನಾ ಅಂದೆ, "ಹದಿನಾಲ್ಕು ಪಾಯಿಂಟ್ ಎರಡು ಇತ್ರಿ." ಸುಳ್ಳಲ್ಲ ಅದು. ಅದ ನನ್ನ ಲುಚ್ಚಾತನ.

ವಾರದ ಮ್ಯಾಲ ಅವರು ಟೀವ್ಯಾಗ ಕೈ ಮುಗದ್ರು. "ತಾಂಬಾದಾಗ ಮಳಿ ಆಗಿದ್ದಿಲ್ಲ. ತಪ್ಪು ನಂದು." ನನ್ನ ಹೆಸರು ಬರಲಿಲ್ಲ.

ಮೇ 20, ಮುಂಜಾನೆ 9

0.0. ಮೋಡ ಇದ್ದು ಇಲ್ದಂಗ.

ಇವತ್ತು ಸಾಹೇಬ್ರು ತಾವಾಗೇ ತಗದ್ರು. "ರೇಣುಕಾ, ಆ ಜೂನ್ ಒಂಬತ್ತರ ಮೋಡ ನೆನಪೈತಿಲ್ಲೋ?"

ವರ್ಷಾ ಕೇಳ್ತಾರ. ಜೂನ್ ಒಂಬತ್ತು ಬಂತಂದ್ರ ಒಂದು ಸಲ ಕೇಳ್ತಾರ — "ಎಲ್ಲಿಂದ ಬಂದೀತವಾ ಅದು?" ನಾ "ಗೊತ್ತಿಲ್ರಿ" ಅಂತೇನಿ.

ಮಂದಿ ತಿಳದದ್ದು ಏನಂದ್ರ, ಸಾಹೇಬ್ರು ತಪ್ಪು ಹೇಳಿದ್ರು ಅಂತ. ಸಾಹೇಬ್ರು ತಿಳದದ್ದ ಬ್ಯಾರೆ. ಊರಿಗೆ ಬಿದ್ದಿಲ್ಲ, ಖರೆ. ರೇಣುಕಾನ ಡಬ್ಬಿಗೆ ಬಿದ್ದೈತಿ, ಅದೂ ಖರೆ. ಅಂದ್ರ ಸಾಲಿ ಕಂಪೌಂಡಿನಷ್ಟ ಒಂದು ಮೋಡ ಬಂದು ಹೋಗೈತಿ. ಹದಿಮೂರು ವರ್ಷ ಆ ಮೋಡ ಹುಡುಕ್ಯಾರ. ಆವತ್ತಿನ ಸಟಲೈಟ್ ಚಿತ್ರ, ಗಾಳಿ ಲೆಕ್ಕ, ಎಲ್ಲಾ ಒಂದು ಫೈಲಿನ್ಯಾಗ ಇಟ್ಟಾರಂತ. ಅದು ತಿಳೀಲಿಲ್ಲಂತ ಆ ವರ್ಷದಿಂದ "ಈಗ ಬಿತ್ರಿ" ಅಂತ ಬಾಯಿಬಿಟ್ಟು ಹೇಳೋದ ಬಿಟ್ರು. ಅದು ನನಗ ಇವತ್ತ ಗೊತ್ತಾತು. ಅವರ ಬಾಯಿಂದ.

"ಸನ್ಮಾನದ ದಿವಸ ಆ ಮೋಡದ ಮ್ಯಾಲ ಮಾತಾಡ್ತೇನಿ. ಹತ್ತು ಹಾಳಿ ಬರದೇನಿ. ಮಂದಿ ನಕ್ರ ನಗಲಿ. ರಿಟೈರ್ ಆದ ಮ್ಯಾಲ ಅದನ್ನ ಹುಡುಕ್ತೇನಿ."

ಹತ್ತು ಹಾಳಿ. ಚನ್ನಬಸಯ್ಯ ಮಾಸ್ತರು ಚಾಷ್ಟಿ ಮಾಡಿ ಕುಂತ ಮ್ಯಾಲ ಇವರು ಎದ್ದು ನನ್ನತ್ತಿ ತಂಬಗಿ ನೀರಿಗೆ ಹತ್ತು ಹಾಳಿ ಓದ್ತಾರ. ಇಡೀ ಇಂಡಿ ನಗತೈತಿ.

ಅದಕ್ಕ ಮೊದಲ ಹೇಳಬೇಕು. ಹನ್ನೆರಡು ದಿನ ಅದಾವ.

ಮೇ 21

0.0. ಹೇಳಲಿಲ್ಲ.

ಮೇ 22

0.0. ಬಾಯಿ ತಗದೆ. "ಏನವಾ?" ಅಂದ್ರು. "ಏನಿಲ್ರಿ, ಕೆಮ್ಮು."

ಮೇ 24

6.4. ಮೊದಲನೇ ಮಳಿ. ಮಣ್ಣಿನ ವಾಸನಿ ಅಡಗಿಮನಿತನಕ. ಸಾಹೇಬ್ರ ದನಿ ಹುಡುಗರಂಗ ಆಗಿತ್ತು. "ಆರು ಪಾಯಿಂಟ್ ನಾಲ್ಕು. ವಾಹ್. ಬರಕೋ, ಬರಕೋ." ಇಂಥ ಖುಷಿಯೊಳಗ ಹ್ಯಾಂಗ ಹೇಳೋದು? ಅತ್ತಿ ಕರ್ಯಾಕತ್ತಾರ ಅಂತ ಇಟ್ಟೆ. ಅತ್ತಿ ಮಲಗಿದ್ರು.

ಸುಳ್ಳಿನ ಮ್ಯಾಲ ಸುಳ್ಳು. ಛೀ.

ಮೇ 29, ಸಂಜಿ

ನಾಲ್ಕು ದಿನ ಬರೀಲಿಲ್ಲ. ಬರದು ಏನ ಮಾಡೋದಿತ್ತು.

ಇವತ್ತು ಕುರುಬರ ಸಿದ್ದರಾಯಣ್ಣ ಬಂದಿದ್ದ. ಕೊಲ್ಹಾರದಾಂವ. ಕುರಿ ಹೊಡಕೊಂಡು ಈ ಕಡೆ ಹಾಯ್ದಾಗ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದು ಹೋಗ್ತಾನ. ಹೆಗಲ ಮ್ಯಾಲ ಹೊಸ ಕಂಬಳಿ ಮಡಚಿ ಇಟ್ಕೊಂಡಿದ್ದ.

"ಸಾಹೇಬ್ರಿಗೆ ಹೊದಸಾಕ ನೇಸೇನಕ್ಕಾ. ಶಾಲು ಎಲ್ಲಾರೂ ಹಾಕ್ತಾರ. ಕಂಬಳಿ ನಂದ."

ಆ ವರ್ಷ ಟೀವಿ ಕೇಳಿ ತಾಂಬಾಕ್ಕ ಕುರಿ ಹೊಡಕೊಂಡು ಬಂದಾಂವ ಇಂವನ. ಹಿನ್ನೀರಿನ ದಂಡ್ಯಾಗ ಮೇವು ಮುಗದಿತ್ತು. ತಾಂಬಾದ ಹಳ್ಳದಾಗ ನೀರು ಸಿಗತಾವ ಅಂತ ನಾಲ್ಕು ದಿನ ನಡದು ಬಂದ. ಇಲ್ಲಿ ಹಳ್ಳ ಬಿರಕ ಬಿಟ್ಟಿತ್ತು. ಏಳು ಮರಿ ಹ್ವಾದುವು. ಆ ಲೆಕ್ಕ ನನಗ ಮೊದಲ ಗೊತ್ತೈತಿ, ಕೇಳೋ ಧೈರ್ಯ ಇರಲಿಲ್ಲ. ಇವತ್ತು ಕೇಳಿದೆ — "ಸಿಟ್ಟಿಲ್ಲೇನಣ್ಣಾ ಅವರ ಮ್ಯಾಲ?"

"ಇತ್ತು. ಕೊಲ್ಹಾರಕ್ಕ ಹುಡುಕ್ಕೊಂಡು ಬಂದ್ರು. ಹಟ್ಟಿ ಮುಂದ ನೆಲದ ಮ್ಯಾಲ ಕುಂತ್ರು. ನನ್ನ ಮಾತು ನಂಬಿ ಹ್ವಾದಿ, ತಪ್ಪು ನಂದು ಅಂದ್ರು. ಯಾರ ಮ್ಯಾಲೂ ಹಾಕಲಿಲ್ಲ. ಅಂಥಾ ಮನಿಷ್ಯಾನ ಮ್ಯಾಲ ಎಷ್ಟ ದಿನ ಸಿಟ್ಟು ಇಟ್ಕೋಲಿ?"

ಚಾದ ಕಪ್ಪು ತಗೊಂಡು ಒಳಗ ಬಂದು ಅಳಾಕ ಹತ್ತಿದೆ. ನಾಚಿಕಿ ಆತು, ಅಳು ನಿಲ್ಲಲಿಲ್ಲ. ಅತ್ತಿ ಬಂದು ನೋಡಿದ್ರು. ಎಲ್ಲಾ ಹೇಳಿದೆ. ತಂಬಗಿ, ಗ್ಲಾಸು, ಮೋಡ, ಏಳು ಮರಿ.

ಕೋಲು ಗ್ವಾಡಿಗೆ ಆನಿಸಿ ಕುಂತ್ರು. ಆಮ್ಯಾಲ, "ನನ್ನ ಒಂದು ತಂಬಗಿ ನೀರಿಗೆ ಇಷ್ಟೆಲ್ಲಾ ಆತೇನು?" ಅಂದ್ರು.

"ನಿಮ್ಮ ಹೆಸರು ಬರತೈತಂತ ನಾ..."

"ನನ್ನ ಹೆಸರು ಹೇಳಬ್ಯಾಡ ಅಂತ ನಾ ಯಾವಾಗ ಅಂದೆ? ನೀರು ಸುರುವಿದಾಕಿ ನಾ. ನನಗ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು. ನಿನ್ನ ಅಂಜಿಕಿ ನನ್ನ ಸೆರಗಿಗೆ ಕಟ್ಟಬ್ಯಾಡ."

ಖರೆ ಅಂದ್ರು. ಒಂದೂ ಹೆಚ್ಚಿಲ್ಲ, ಕಡಿಮಿ ಇಲ್ಲ. ಆಮ್ಯಾಲ ತಾವೇ ನನ್ನ ಪಾಲಿನ ರೊಟ್ಟಿ ಬಡದ್ರು.

ಮೇ 31

0.8. ಕಡೀ ಫೋನ್. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಫೋನಿನ್ಯಾಗ ಹೇಳೂದು ಬ್ಯಾಡ, ಮಾರಿ ನೋಡಿ ಹೇಳ್ತೇನಿ ಅಂತ ನಿನ್ನೆ ಗಟ್ಟಿ ಮಾಡೇನಿ. ನಾಳೆ ಎಲ್ಲಾರಿಗಿಂತ ಮೊದಲ ಹೋಗಬೇಕು.

ಸಂಜಿ ಕಡೀ ಹವಾಮಾನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ತಾಂಬಾ 0.8. "ಮೊದಲ ನಿಮ್ಮ ತಲಿ ಮ್ಯಾಲಿನ ಮುಗಿಲು ನೋಡ್ರಿ" ಅಂದ್ರು, ನಿಂತ್ರು. ಮುಂದಿಂದು ಅನ್ನಲಿಲ್ಲ, ನಕ್ಕು ಕೈ ಮುಗದ್ರು. ಅತ್ತಿ ಟೀವಿಗೆ ಕೈ ಮುಗದ್ರು.

ನಮ್ಮ ಯಜಮಾನ್ರು ಲಿಂಬಿಕಾಯಿ ಲೋಡು ಇಳಿಸಿ ಬಂದಾರ. ನಾಳೆ ಟೆಂಪೋದಾಗ ತಾವೇ ಬಿಡ್ತಾರಂತ, ಅತ್ತಿ ಬಸ್ಸು ಹತ್ತಂಗಿಲ್ಲಲ್ಲ.

ಜೂನ್ 1, ಸಂಜಿ 6

ಬಂದು ಸೀರಿ ಬಿಚ್ಚಿಲ್ಲ, ಬರಿಯಾಕ ಕುಂತೇನಿ. ಮರತು ಹೋಗತೈತಿ ಅಂತಲ್ಲ. ಕೈ ಸುಮ್ಮನಿರವಲ್ದು.

ಹತ್ತಕ್ಕ ಹ್ವಾದ್ವಿ. ಸಭಾಭವನದ ಹಿಂದಿನ ಖೋಲ್ಯಾಗ ಸಾಹೇಬ್ರು, ಅವರ ಹೆಂಡ್ತಿ ನಜಮಾ ಭಾಭಿ ಇಬ್ರ ಇದ್ರು. ಭಾಭಿ ಅವರ ಶೇರವಾನಿ ಗುಂಡಿ ಹಾಕಾಕತ್ತಿದ್ರು. ಇಪ್ಪತ್ತೆರಡು ವರ್ಷದಾಗ ಸಾಹೇಬ್ರನ್ನ ಎದುರಾಎದುರು ನಾಲ್ಕು ಸಲ ಕಂಡೇನಿ ಅಷ್ಟ. ಟೀವ್ಯಾಗಿನಕಿಂತ ಸಣ್ಣ ಮನಿಷ್ಯಾ. ಮೇಜಿನ ಮ್ಯಾಲ ಆ ಹತ್ತು ಹಾಳಿ.

"ಬಾರವಾ ರೇಣುಕಾ. ನಿನ್ನ ಹೆಸರೂ ಐತಿ ಇದ್ರಾಗ."

"ಸಾಹೇಬ್ರ, ಆ ಮೋಡ ಇಲ್ರಿ."

"ಯಾವ ಮೋಡ?"

"ಜೂನ್ ಒಂಬತ್ತರದ್ದು. ಅದು ಮಳಿ ಅಲ್ರಿ. ನಮ್ಮತ್ತಿ ಗುರ್ಚಿ ದಿವಸ ಡಬ್ಬಿಗೆ ತಂಬಗಿ ನೀರು ಸುರುವಿದ್ರು. ನಾ ನೆಲ ನೋಡದ ಬರದೆ. ಅವತ್ತ ಸಂಜೀಗೆ ಗೊತ್ತಾತು. ಹೇಳಲಿಲ್ರಿ."

ಭಾಭಿ ಕೈ ಗುಂಡಿ ಮ್ಯಾಲ ನಿಂತಿತು. ಸಾಹೇಬ್ರು ನನ್ನ ನೋಡಲಿಲ್ಲ. ಪೆನ್ನು ತಗೊಂಡ್ರು. ಆ ಹತ್ತು ಹಾಳಿಯ ಹಿಂದ ಲೆಕ್ಕ ಬರಿಯಾಕ ಹತ್ತಿದ್ರು. ಲಾಳಿಕಿ ಬಾಯಿ ಇನ್ನೂರು ಚದರ ಸೆಂಟಿಮೀಟರ್. ಹದಿನಾಲ್ಕು ಪಾಯಿಂಟ್ ಎರಡು ಅಂದ್ರ ಇನ್ನೂರಾ ಎಂಬತ್ನಾಲ್ಕು ಎಂ.ಎಲ್.

"ತಂಬಗಿ ತುಂಬ ಇತ್ತೇನು?"

"ತುಂಬ ಇತ್ತಂತ್ರಿ. ಅರ್ಧ ಹೊರಗ ಚೆಲ್ಲೀತಂತ."

"ಅರ್ಧ." ಮತ್ತೊಮ್ಮೆ ಲೆಕ್ಕ ನೋಡಿದ್ರು. "ಕೂಡ್ತು. ಸರಿ ಕೂಡ್ತು ನೋಡು."

ಒಂದು ಗಳಿಗಿ ಮಾರಿ ಹ್ಯಾಂಗ ಆತಂದ್ರ, ಮೊದಲ ಮಳಿ ಹೇಳೋ ದಿನ ಆಗತೈತಲ್ಲ, ಹಂಗ. ಆಮ್ಯಾಲ ಅದು ಹ್ವಾತು.

"ಹದಿಮೂರು ಸಲ ಕೇಳೇನಿ ನಿನಗ."

"ಹೌದ್ರಿ."

"ಅವತ್ತಿನ ಸಟಲೈಟ್ ಚಿತ್ರದಾಗ ಒಂದು ಚುಕ್ಕಿ ಮೋಡಾನೂ ಇರಲಿಲ್ಲ, ರೇಣುಕಾ. ಅದನ್ನ ಬಿಟ್ಟು ನಿನ್ನ ನಂಬಿದೆ ನಾ."

ಇದಕ್ಕಿಂತ ಬೈದಿದ್ರ ಛಲೋ ಇತ್ತು. "ತಪ್ಪಾತ್ರಿ" ಅಂದೆ. ಚನ್ನಬಸಯ್ಯ ಮಾಸ್ತರು ಬಂದು ಕರದ್ರು, ಸಾಹೇಬ್ರು ಎದ್ದು ಹ್ವಾದ್ರು. ಹಾಳಿ ಮೇಜಿನ ಮ್ಯಾಲ ಉಳದುವು.

ಮಂದಿ ಅಂದ್ರ ಮಂದಿ. ಪೇಟಾ ಸುತ್ತಿದ್ರು, ಶಾಲು ಹಾಕಿದ್ರು. ಸಿದ್ದರಾಯಣ್ಣ ಕಂಬಳಿ ಹೊದಸಿದ. ಆ ಸೆಕ್ಯಾಗ ಕಂಬಳಿ. ಬೆವತು ನೀರಾದ್ರು, ತಗೀಲಿಲ್ಲ. ಮಾಸ್ತರು ಮಾನಪತ್ರ ಓದಿದ್ರು, ಹದಿನಾಲ್ಕರ ಚಾಷ್ಟಿ ಬಂತು. ಸಭಾ ಎಲ್ಲಾ ಹೋ ಅಂತು. ಸಾಹೇಬ್ರು ಕೈ ಮುಗದು ತಲಿ ಬಗ್ಗಿಸಿದ್ರು. ಅಷ್ಟು ವರ್ಷದ ರೂಢಿ.

ಆಮ್ಯಾಲ ನನ್ನ ಎರಡು ನಿಮಿಷ. ಬರಕೊಂಡು ಹೋಗಿದ್ದ ಚೀಟಿ ಕೈಯಾಗ ಒದ್ದಿ ಆಗಿತ್ತು, ಬಿಟ್ಟೆ. ಮೈಕಿನ್ಯಾಗ ಅಂದೆ: "ನೀವೆಲ್ಲಾರೂ ಈಗ ನಕ್ಕರಲ್ಲ, ಆ ಹದಿನಾಲ್ಕು ಸಾಹೇಬ್ರದಲ್ಲ. ನಂದು." ಹೇಳಿದೆ ಎಲ್ಲಾ. ಆಗ ಕೆಳಗಿನಿಂದ ಅತ್ತಿ, ಕೋಲು ಊರಿ ಎದ್ದು, "ನೀರು ಸುರುವಿದಾಕಿ ನಾ. ನನ್ನ ಹೆಸರೂ ಬರಕೋರಿ ಮಾಸ್ತರ" ಅಂದ್ರು. ಮಂದಿ ನಕ್ಕರು, ಚಪ್ಪಾಳಿ ಬಿತ್ತು. ಈ ಸಲ ಸಾಹೇಬ್ರ ಮ್ಯಾಲ ಅಲ್ಲ.

ಅವರು ನಗಲಿಲ್ಲ. ಮಾತಿಗೆ ಎದ್ದಾಗ ಒಂದ ಮಾತು. "ಇಪ್ಪತ್ತೇಳು ವರ್ಷದಾಗ ಒಂದು ಮೋಡ ನನಗ ತಿಳದಿರಲಿಲ್ಲ. ಇವತ್ತು ಹತ್ತು ಗಂಟೇಕ್ಕ ತಿಳೀತು. ಎಲ್ಲಾರಿಗೂ ಶರಣು, ಸಲಾಂ." ಕುಂತು ಬಿಟ್ರು. ನನ್ನ ಕಡೆ ನೋಡಲಿಲ್ಲ.

ಊಟದ ಪಂಗ್ತಿಯೊಳಗ ಸಿದ್ದರಾಯಣ್ಣ ಮುಂದ ಬಂದು ನಿಂತ. ರುಮಾಲು ಬಿಚ್ಚಿ ಮತ್ತ ಸುತ್ತಿಕೊಂಡ. "ಏಳು ಮರಿ, ಅಕ್ಕಾ" ಅಂದ. ನಾ ತಲಿ ಎತ್ತಲಿಲ್ಲ. "ಹೇಳಿದ್ಯಲ್ಲ. ಕುಂಡ್ರು, ಉಣ್ಣು."

ಸಾಹೇಬ್ರ ಸುತ್ತ ಫೋಟೋದವ್ರು. ಹೇಳಿ ಬರಾಕ ಆಗಲಿಲ್ಲ. ದಾರಿಯೊಳಗ ಅತ್ತಿ ನಿದ್ದಿ ಹ್ವಾದ್ರು. ಒಬ್ಬ ಮನಿಷ್ಯಾ ಹದಿಮೂರು ವರ್ಷ ಪ್ರೀತಿಲೆ ಹುಡುಕಿದ ಮೋಡಾನ ಕಸಗೊಂಡು ಬಂದೇನಿ. ಅವರು ಮತ್ತ ನನ್ನ ಜೋಡಿ ಮಾತಾಡ್ತಾರೋ ಇಲ್ಲೋ. ಆಡದಿದ್ರ ತಪ್ಪಲ್ಲ.

ಜೂನ್ 2, ಮುಂಜಾನೆ

8:30. 3.6. ಎರಡು ಸಲ ನೋಡಿದೆ. 3.6.

ಬರದು ಸಹಿ ಹಾಕಿದೆ. ಮುಬಿನ ವಾಟ್ಸಾಪ್ ಗ್ರೂಪ್ ಮಾಡ್ಯಾಳ, "ರೀಡಿಂಗ್ ಹಾಕ್ರಿ ಆಂಟಿ" ಅಂತ. ಹಾಕಿದೆ. ಹೆಬ್ಬೆರಳು ಬಂತು. ಮುಗೀತು.

8:45. ಫೋನ್ ಕೈಯಾಗ. ಮಾಡೋದು ಯಾರಿಗೆ. ಹಂಗ ಪಡಸಾಲ್ಯಾಗ ಕುಂತೆ.

8:52ಕ್ಕ ರಿಂಗ್ ಆತು. ಅವರದ ಹೆಸರು.

"ಹೇಳವಾ ರೇಣುಕಾ."

"ತಾಂಬಾ ಮೂರು ಪಾಯಿಂಟ್ ಆರು ರೀ" ಅಂದೆ.

ಆ ಕಡೆ ಪೆನ್ನಿನ ಸಪ್ಪಳ. ಬರಕೊಳ್ಳಾಕತ್ತಾರ. ಟೀವಿ ಇಲ್ಲ, ಏನಿಲ್ಲ, ಬರಕೊಳ್ಳಾಕತ್ತಾರ. ಆಮ್ಯಾಲ ಸ್ವಲ್ಪ ತಡದು —

"ನೆಲ ನೋಡಿದೇನು?"

"ತಡೀರಿ ಸಾಹೇಬ್ರ" ಅಂದೆ. ಫೋನ್ ಕಿವಿಗೆ ಹಿಡಕೊಂಡು, ಚಪ್ಪಲಿ ಬಿಟ್ಟು, ಅಂಗಳಕ್ಕ ಇಳದೆ. ಕಾಲಿಗೆ ಹಸಿ ಮಣ್ಣು ಹತ್ತಿತು.